ರಕ್ತ ಅಷ್ಟು ಜೋರಾಗಿ ಹರಿಯುವಾಗ ಬಿಳಿ ರಕ್ತಕಣ ರಕ್ತನಾಳದ ಗೋಡೆಗೆ ಅಂಟುವುದು ಹೇಗೆ? ರಿಪೋರ್ಟಿನಲ್ಲಿ ಬಿಳಿ ಕಣ ಜಾಸ್ತಿ ಇದ್ದರೆ ಅಂಟುವುದೂ ಜಾಸ್ತಿಯೇ?

ಮೆಡಿಕಲ್ ವಿದ್ಯಾರ್ಥಿಗಳಿಗೆ ನಾನು ಮಾಡುವ ಪಾಠವೂ ಇದೇ. ಅವರೂ ಮೊದಲು ಕಣವನ್ನೇ ದೂರುತ್ತಾರೆ. ಆದರೆ ಕಣವನ್ನು ಕರೆಯುವುದು ಗೋಡೆ.

ರಕ್ತನಾಳದ ಒಳಮೈಗೆ ಎಂಡೋಥೀಲಿಯಂ ಅನ್ನುವ ಒಂದೇ ಪದರದ ಹೊದಿಕೆ ಇದೆ. ಅದು ಕೆರಳಿದರೆ ಸೆಲೆಕ್ಟಿನ್ ಎಂಬ ಪ್ರೋಟೀನುಗಳನ್ನು ಹೊರಚಾಚುತ್ತದೆ. ಪಿ-ಸೆಲೆಕ್ಟಿನ್ ಕೋಶದೊಳಗೆ ಮೊದಲೇ ಸಿದ್ಧವಾಗಿರುವುದರಿಂದ ಕೆಲವೇ ನಿಮಿಷದಲ್ಲಿ ಹೊರಬರುತ್ತದೆ. ಇ-ಸೆಲೆಕ್ಟಿನ್ ಹೊಸದಾಗಿ ತಯಾರಾಗಬೇಕು, ಅದಕ್ಕೆ ಗಂಟೆಗಳು ಬೇಕು. ಈ ಹಿಡಿತ ಸಡಿಲ. ಓಡುವ ಬಸ್ಸಿನಿಂದ ಇಳಿದವನು ಕಂಬಿ ಹಿಡಿದು ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಹಾಗೆ ಕಣ ಗೋಡೆಯುದ್ದಕ್ಕೂ ಉರುಳುತ್ತದೆ. ಅಷ್ಟರಲ್ಲಿ ಗೋಡೆಯ ಮೇಲಿರುವ ಕೀಮೋಕೈನ್ ಎಂಬ ಸಂಕೇತದ ಪ್ರೋಟೀನುಗಳು ಅದಕ್ಕೆ ಸುಳಿವು ಕೊಡುತ್ತವೆ. ಕಣದ ಮೈಮೇಲೆ ಕೊಕ್ಕೆಯಂತಿರುವ ಇಂಟಿಗ್ರಿನ್‌ಗಳು ಆಕಾರ ಬದಲಿಸಿ ಗೋಡೆಯ ಐಕ್ಯಾಮ್-1, ವಿಕ್ಯಾಮ್-1 ಪ್ರೋಟೀನುಗಳನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಕಣ ನಿಂತು, ಕೋಶಗಳ ನಡುವೆ ನುಸುಳಿ ಒಳಗೆ ಹೋಗುತ್ತದೆ.

ಗಾಯವಾದಾಗ ಇದು ಬೇಕೇ ಬೇಕು. ಹುಟ್ಟಿನಿಂದಲೇ ಆ ಇಂಟಿಗ್ರಿನ್‌ಗಳಲ್ಲಿ ದೋಷವಿರುವ ಮಕ್ಕಳಿದ್ದಾರೆ. ಅವರ ರಕ್ತದಲ್ಲಿ ಬಿಳಿ ಕಣ ತುಂಬಿರುತ್ತದೆ, ಆದರೂ ಸೋಂಕಾದ ಜಾಗದಲ್ಲಿ ಕೀವೇ ಆಗುವುದಿಲ್ಲ!

ಅಪಧಮನಿ ಕಾಯಿಲೆಯಲ್ಲಿ ನಡೆಯುವುದೂ ಇದೇ ಆಟ, ಆದರೆ ತಪ್ಪು ಜಾಗದಲ್ಲಿ. ನಾಳ ಕವಲೊಡೆಯುವ, ಬಾಗುವ ಕಡೆ ಹರಿವು ಏರುಪೇರಾಗುತ್ತದೆ. ಅಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಗೋಡೆಯೊಳಗೆ ಸೇರಿ, ಉಳಿದು, ಆಕ್ಸಿಡೀಕರಣಗೊಂಡು ಎಂಡೋಥೀಲಿಯಂ ಅನ್ನು ಕೆರಳಿಸುತ್ತದೆ. ಬಿಳಿ ಕಣಗಳ ಒಂದು ಬಗೆಯಾದ ಮೋನೊಸೈಟ್‌ಗಳು ಅಂಟಿ ಒಳಗಿಳಿದು ಮ್ಯಾಕ್ರೊಫೇಜ್‌ಗಳಾಗಿ ಆ ಕೊಬ್ಬನ್ನು ನುಂಗುತ್ತವೆ. ನುಂಗಿ ನುಂಗಿ ನೊರೆಕೋಶಗಳಾಗಿ ಅಲ್ಲೇ ಉಳಿಯುತ್ತವೆ. ಮೇಲಿಂದ ಇನ್ನಷ್ಟು ಕಣಗಳನ್ನು ಕರೆಯುತ್ತವೆ.

ಇನ್ನು ನಿಮ್ಮ ರಿಪೋರ್ಟು. ಬಿಳಿ ಕಣದ ಎಣಿಕೆಗೂ ಹೃದಯದ ಅಪಾಯಕ್ಕೂ ನಂಟಿದೆ, ನಿಜ. ಆದರೆ ಆ ಎಣಿಕೆ ಹೇಳುವುದು ಹರಿಯುತ್ತಿರುವ ಕಣಗಳ ಲೆಕ್ಕ ಮಾತ್ರ. ಬಿಳಿ ಕಣಗಳ ಇನ್ನೊಂದು ಬಗೆಯಾದ ನ್ಯೂಟ್ರೊಫಿಲ್‌ಗಳಲ್ಲಿ ಸುಮಾರು ಅರ್ಧ ಸಣ್ಣ ನಾಳಗಳ ಅಂಚಿನಲ್ಲೇ ತಂಗಿರುತ್ತವೆ. ಜೋರಾಗಿ ಓಡಿದರೆ, ಸ್ಟೀರಾಯ್ಡ್ ತಗೊಂಡರೆ ಅವು ಬಿಡಿಸಿಕೊಂಡು ಬಂದು ಎಣಿಕೆ ಏರುತ್ತದೆ. ಅಂದರೆ ಕಮ್ಮಿ ಅಂಟಿದಾಗಲೂ ಸಂಖ್ಯೆ ಜಾಸ್ತಿ ಬರಬಹುದು, ಅಲ್ವಾ?

ಅಂಟುವುದನ್ನೇ ತಡೆಯುವ ಔಷಧಿಯೂ ಇದೆ. ನಟಾಲಿಜುಮ್ಯಾಬ್ ಅನ್ನು ಮೆದುಳು-ನರಗಳ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುತ್ತಾರೆ. ಆದರೆ ಕಾವಲು ಕಣಗಳು ಮೆದುಳಿಗೆ ಹೋಗದಂತಾಗಿ, ಅಪರೂಪಕ್ಕೆ ಅಲ್ಲಿ ಪ್ರಾಣಕ್ಕೇ ಎರವಾಗುವ ವೈರಸ್ ಸೋಂಕು ಆಗುತ್ತದೆ. ಹಾಗಾಗಿ ಹೃದಯದ ವಿಷಯದಲ್ಲಿ ಗೋಡೆಯನ್ನು ಕೆರಳಿಸುವುದನ್ನೇ ತಗ್ಗಿಸುತ್ತಾರೆ: ಎಲ್‌ಡಿಎಲ್, ಬಿಪಿ, ಸಕ್ಕರೆ, ಸಿಗರೇಟು. ಡಾಕ್ಟರ ಹತ್ತಿರ ಹೋದಾಗ ಬಿಳಿ ಕಣಕ್ಕಿಂತ ಮೊದಲು ನಿಮ್ಮ ಎಲ್‌ಡಿಎಲ್ ಎಷ್ಟಿದೆ ಅಂತ ಕೇಳಿ.