ಮೂರು ಸಲ ಅಳೆದರೆ ಮೂರು ಅಂಕಿ ಏಕೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ 41 ವರ್ಷದ ಮಹಿಳೆ. ಎತ್ತರ 156 ಸೆಂ.ಮೀ., ತೂಕ 58 ಕೆ.ಜಿ. ಥೈರಾಯ್ಡ್, ಸಕ್ಕರೆ ಎರಡೂ ಸರಿಯಾಗಿವೆ. ಕಚೇರಿ ಬಿಟ್ಟು, ಚಹಾ ಕುಡಿದು, ಲೋಕಲ್ ಹಿಡಿದು ದಾದರ್‌ನ ಒಂದು ಕೇಂದ್ರಕ್ಕೆ ಹೋಗಿ ವಿಶ್ರಾಂತ ಚಯಾಪಚಯ ದರವನ್ನು (ಸುಮ್ಮನೆ ಮಲಗಿದ್ದಾಗಲೂ ದೇಹ ಬಳಸುವ ಶಕ್ತಿಯನ್ನು) ಅಳೆಸಿದಾಗ ದಿನಕ್ಕೆ 1,390 ಕ್ಯಾಲೊರಿ ಎಂದು ಬಂತು. ನಂತರ ಅಲ್ಲಿಯೇ ಎರಡು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಳೆಸಿದಾಗ 1,240 ಮತ್ತು 1,205 ಬಂದವು. ನನ್ನಷ್ಟೇ ತೂಕದ ನಾದಿನಿಗೆ 1,330 ಇದೆ. ನನ್ನ ಚಯಾಪಚಯ ಮಂದವಾಗುತ್ತಿದೆಯೇ?

ಉತ್ತರ: ಇಲ್ಲ. ನಿಮ್ಮ ಬೆಳಗಿನ ಎರಡು ಅಂಕಿಗಳ ನಡುವೆ ಇರುವುದು ಸುಮಾರು ಶೇ. 3ರ ವ್ಯತ್ಯಾಸ. ಆರೋಗ್ಯವಂತರನ್ನು ಎಚ್ಚರಿಕೆಯಿಂದ ಅಳೆದರೂ ಒಂದು ದಿನದಿಂದ ಇನ್ನೊಂದು ದಿನಕ್ಕೆ ಶೇ. 3ರಿಂದ 5ರಷ್ಟು ಏರಿಳಿತ ಸಹಜವಾಗಿಯೇ ಇರುತ್ತದೆ. ಋತುಚಕ್ರದ ಉತ್ತರಾರ್ಧದಲ್ಲಿ ದರ ತುಸು ಹೆಚ್ಚುವುದೂ ಉಂಟು. ಆದ್ದರಿಂದ ಆ ಎರಡನ್ನೂ ಒಂದೇ ಅಂಕಿಯೆಂದು ತಿಳಿಯಿರಿ.

ಸಂಜೆಯ 1,390 ಮಾತ್ರ ಬೇರೆಯದೇ ಸಂಗತಿ. ಈ ದರವನ್ನು ಅಳೆಯುವ ಯಂತ್ರ ಕ್ಯಾಲೊರಿಯನ್ನು ನೇರವಾಗಿ ಅಳೆಯುವುದಿಲ್ಲ. ನೀವು ಎಷ್ಟು ಆಮ್ಲಜನಕವನ್ನು ಬಳಸಿದಿರಿ, ಎಷ್ಟು ಇಂಗಾಲದ ಡೈಆಕ್ಸೈಡನ್ನು ಹೊರಬಿಟ್ಟಿರಿ ಎಂಬುದನ್ನು ನೋಡಿ, ಸಾಮಾನ್ಯವಾಗಿ 1949ರಲ್ಲಿ ವಿಯರ್ ಎಂಬುವರು ಪ್ರಕಟಿಸಿದ ಸೂತ್ರದಿಂದ ಲೆಕ್ಕ ಹಾಕುತ್ತದೆ. ದಾದರ್ ಸ್ಟೇಷನ್ನಿನ ಸೇತುವೆ ಹತ್ತಿಳಿದ ಏದುಸಿರು, ಚಹಾದ ಕೆಫೀನ್, ಇನ್ನೂ ಪೂರ್ತಿ ಅರಗದ ಮಧ್ಯಾಹ್ನದ ಊಟ, ಇವೆಲ್ಲವೂ ಆ ಉಸಿರಿನಲ್ಲಿ ಸೇರಿಕೊಂಡಿರುತ್ತವೆ. ಅಂದು ಅಳತೆಗೆ ಸಿಕ್ಕದ್ದು ದಿನವಿಡೀ ದುಡಿದು ಬಂದ ದೇಹವೇ ಹೊರತು ವಿಶ್ರಾಂತಿಯಲ್ಲಿದ್ದ ದೇಹವಲ್ಲ. ಇದನ್ನು ನಿಮಗೆ ಮೊದಲೇ ತಿಳಿಸಬೇಕಾಗಿತ್ತು. ತಿಳಿಸದೆ ಹಣ ಪಡೆದು ಅಂಕಿ ಬರೆದುಕೊಟ್ಟದ್ದು ನನಗೆ ನಿಜಕ್ಕೂ ಬೇಸರ ತಂದಿದೆ.

ನಾದಿನಿಯ ವಿಷಯಕ್ಕೆ ಬರುವುದಾದರೆ, 58 ಕೆ.ಜಿ. ಎಂಬ ತೂಕ ಯಾವುದರಿಂದ ಆಗಿದೆ ಎಂಬುದೇ ಇಲ್ಲಿ ಮುಖ್ಯ. ವಿಶ್ರಾಂತಿಯಲ್ಲಿ ಒಂದು ಕಿಲೋ ಕೊಬ್ಬು ದಿನಕ್ಕೆ ಸುಮಾರು 4.5 ಕ್ಯಾಲೊರಿ ಬಳಸಿದರೆ, ಒಂದು ಕಿಲೋ ಸ್ನಾಯು ಸುಮಾರು 13, ಯಕೃತ್ತು 200, ಮಿದುಳು 240, ಹೃದಯ ಮತ್ತು ಮೂತ್ರಪಿಂಡಗಳು ತಲಾ 440ರಷ್ಟು ಬಳಸುತ್ತವೆ. ತೂಕದ ಕಾಟಾ ಈ ಭೇದವನ್ನು ತೋರಿಸುವುದಿಲ್ಲ. ಪುಣೆಯ ವೈದ್ಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ದೇಹಗಳನ್ನು ಉದಾಹರಣೆಯಾಗಿ ಮುಂದಿಟ್ಟಿದ್ದರು: ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 22.3 ಆಗಿದ್ದರೂ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ನಿಮ್ಮ ಮತ್ತು ನಾದಿನಿಯ ನಡುವಿನ ನೂರು ಕ್ಯಾಲೊರಿ ಅಂತರ ಇಂಥ ಭೇದದಿಂದ ಬಂದಿರಬಹುದು, ಅದು ರೋಗವಲ್ಲ.

ಒಂದು ಕಿಲೋ ತೂಕಕ್ಕೆ ಗಂಟೆಗೆ ಒಂದು ಕ್ಯಾಲೊರಿ ಎಂಬ ಲೆಕ್ಕ ವ್ಯಾಯಾಮಶಾಲೆಗಳಲ್ಲಿ ಬಳಕೆಯಲ್ಲಿದೆ. ಅದರಂತೆ ನಿಮಗೆ 1,392 ಬರುತ್ತದೆ. ಸಂಜೆಯ ಅಂಕಿಯೇ ಸರಿ ಎಂದು ನಿಮಗೆ ಅನ್ನಿಸಲು ಇದೂ ಕಾರಣವಾಗಿರಬಹುದು. ಆದರೆ ಆರೋಗ್ಯವಂತ ವಯಸ್ಕರನ್ನು ನಿಜವಾಗಿ ಅಳೆದಾಗ ಸರಾಸರಿ ಅದಕ್ಕಿಂತ ಕಡಿಮೆಯೇ ಬರುತ್ತದೆ, ಸ್ತ್ರೀಯರಲ್ಲಿ ಇನ್ನೂ ಕಡಿಮೆ. ಈ ದರವನ್ನು ಅಂದಾಜು ಮಾಡುವ 1990ರ ಮಿಫ್ಲಿನ್ ಸೂತ್ರಕ್ಕೆ ನಿಮ್ಮ ತೂಕ, ಎತ್ತರ, ವಯಸ್ಸನ್ನು ಹಾಕಿದರೆ 1,189 ಬರುತ್ತದೆ. ನಿಮ್ಮ ಬೆಳಗಿನ ಅಳತೆಗಳು ಅದಕ್ಕಿಂತ ಸ್ವಲ್ಪ ಮೇಲೆಯೇ ಇವೆ. ನಲವತ್ತು ದಾಟಿತೆಂಬ ಭಯವೂ ಬೇಡ: 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ದೇಹದ ಗಾತ್ರ ಮತ್ತು ರಚನೆಯನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60 ವರ್ಷದವರೆಗೆ ಈ ದರ ಬಹುಮಟ್ಟಿಗೆ ಸ್ಥಿರವಾಗಿರುತ್ತದೆಂದು ತೋರಿಸಿದೆ.

ಒಂದೇ ಯಂತ್ರದಲ್ಲಿ, ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಅಳೆದರೂ ದರ ಶೇ. 10ಕ್ಕಿಂತ ಹೆಚ್ಚು ಬದಲಾಗಿಯೇ ಉಳಿದು, ಜೊತೆಗೆ ಕಾರಣವಿಲ್ಲದೆ ತೂಕ ಏರಿಳಿದರೆ ಅಥವಾ ಆಯಾಸ ಕಾಡಿದರೆ ವೈದ್ಯರನ್ನು ಕಾಣಿರಿ. ಇನ್ನೊಮ್ಮೆ ಅಳೆಸುವುದಾದರೆ ಮನೆಗೆ ಹತ್ತಿರದ ಕೇಂದ್ರವನ್ನು ಆರಿಸಿಕೊಂಡು, ರಾತ್ರಿ ಊಟವಾಗಿ ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ ರಿಕ್ಷಾದಲ್ಲಿ ಹೋಗಿ. ಅರ್ಧ ಗಂಟೆ ನಿದ್ದೆ ಹೋಗದೆ ಮಲಗಿದ ನಂತರವೇ ಅಳೆಯಲು ಹೇಳಿ, ಮೊದಲ ಐದು ನಿಮಿಷಗಳ ಅಂಕಿಯನ್ನು ಬಿಟ್ಟಿದ್ದಾರೆಯೇ ಎಂದು ಕೇಳಿ. ಚಹಾವನ್ನು ಫ್ಲಾಸ್ಕಿನಲ್ಲಿ ಒಯ್ದು, ಪರೀಕ್ಷೆ ಮುಗಿದ ಮೇಲೆ ಕುಡಿಯಿರಿ.