ಕೇರೆ ಹಾವಿನ ಕೆಂಪು ರಕ್ತಕಣದೊಳಗಿನ ಪರೋಪಜೀವಿ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ? ಔಷಧಿ ಕೊಡಬೇಕಾ?

ಚಿಂತಾಮಣಿ ಹತ್ತಿರ ರಕ್ಷಿಸಿದ ಕೇರೆ ಹಾವಿನ ರಕ್ತದ ಸ್ಲೈಡಿನಲ್ಲಿ ಬಾಳೆಹಣ್ಣಿನ ಆಕಾರದ ಜೀವಿ ಕಂಡಿದೆ, ಕಣದ ನ್ಯೂಕ್ಲಿಯಸ್ ಒಂದು ಪಕ್ಕಕ್ಕೆ ಸರಿದಿದೆ, ಕಂದು ಚುಕ್ಕೆಗಳಿಲ್ಲ, ಹಾವು ಮಾತ್ರ ಗಟ್ಟಿಮುಟ್ಟಾಗಿದೆ ಎಂದಿದ್ದೀರಿ. ಈ ಲಕ್ಷಣಗಳಿಗೆ ಹೊಂದುವುದು ಹೆಪಟೊಜೂನ್ ಎಂಬ ಏಕಕೋಶ ಪರೋಪಜೀವಿ. ಹಾವುಗಳಲ್ಲಿ ತೀರಾ ಸಾಮಾನ್ಯ. ಔಷಧಿ ಬೇಡ.

ಕಣದೊಳಗೆ ನಿಮಗೆ ಕಂಡದ್ದು ಗ್ಯಾಮಾಂಟ್, ಅಂದರೆ ಸೊಳ್ಳೆ ರಕ್ತ ಹೀರುವ ತನಕ ಕಾಯುವ ಹಂತ. ಅಲ್ಲಿ ಅದು ಒಂದು ಎರಡಾಗುವುದಿಲ್ಲ, ಕಣವನ್ನು ಒಡೆದು ಹೊರಬರುವ ಆತುರವೂ ಇಲ್ಲ. ಮಲೇರಿಯಾ ಜಾತಿಯವು ಹಿಮೋಗ್ಲೋಬಿನ್ ತಿಂದು ಕಂದು ಬಣ್ಣದ ಹರಳು ಬಿಡುತ್ತವೆ, ಇದು ಬಿಡುವುದಿಲ್ಲ. ಹಲ್ಲಿ, ಓತಿಕ್ಯಾತದ ಸ್ಲೈಡಿನಲ್ಲಿ ಕಂದು ಹರಳು ಕಂಡರೆ ಮಲೇರಿಯಾ ಗುಂಪಿನ ಪ್ಲಾಸ್ಮೋಡಿಯಂ ಅಥವಾ ಹೀಮೊಸಿಸ್ಟಿಡಿಯಂ ಕಡೆ ನೋಡಿ.

ಇನ್ನು ಅದರ ಮನೆಯ, ಅಂದರೆ ಕೆಂಪು ಕಣದ ಆಯಸ್ಸು. ಮನುಷ್ಯನ ಕೆಂಪು ಕಣ ಸುಮಾರು 120 ದಿನ ಬದುಕಿದರೆ, ಕೆಲವು ಸರೀಸೃಪಗಳಲ್ಲಿ 600ರಿಂದ 800 ದಿನ. ಹಾಗಾಗಿ ಒಂದೇ ಕಣದಲ್ಲಿ ಸುಮ್ಮನೆ ಕೂತರೂ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ದಾಟಬಹುದು. ಜೊತೆಗೆ ಹಾವಿನ ಮೈ ತಂಪಾದಾಗ ರೋಗನಿರೋಧಕ ವ್ಯವಸ್ಥೆಯ ಕೆಲಸವೂ ನಿಧಾನ. ಇದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ ಬೇರೆ ಜೀವಿಯದು: ಕ್ಯಾಲಿಫೋರ್ನಿಯಾದ ಬೇಲಿ ಓತಿಗಳಲ್ಲಿರುವ ಪ್ಲಾಸ್ಮೋಡಿಯಂ ಮೆಕ್ಸಿಕಾನಂ ಚಳಿಗಾಲದಲ್ಲಿ ತಳಮಟ್ಟದಲ್ಲಿದ್ದು, ಬೆಚ್ಚಗಾದಾಗ ಮತ್ತೆ ಏರುತ್ತದೆ, ಒಮ್ಮೆ ತಗುಲಿದರೆ ಸಾಮಾನ್ಯವಾಗಿ ಜೀವನಪರ್ಯಂತ.

ಆದರೆ ಹೆಪಟೊಜೂನ್‌ನ ನಿಜವಾದ ಬೇರು ರಕ್ತದಲ್ಲಿಲ್ಲ, ಲಿವರ್ ಮತ್ತು ಶ್ವಾಸಕೋಶದಲ್ಲಿದೆ. ಸೊಳ್ಳೆಯೊಳಗೆ ಬೆಳೆದ ಹಂತ ಕಚ್ಚುವಾಗ ಹಾವಿಗೆ ಹೋಗುವುದಿಲ್ಲ. ಸೊಳ್ಳೆಯನ್ನು ಕಪ್ಪೆಯೋ ಓತಿಯೋ ತಿನ್ನಬೇಕು, ಅದನ್ನು ಹಾವು ನುಂಗಬೇಕು. ಕಪ್ಪೆಯ ಲಿವರಿನಲ್ಲಿ ಅದು ಚೀಲ ಕಟ್ಟಿಕೊಂಡು ಸುಮ್ಮನಿರುತ್ತದೆ. ಹಾವಿನ ಕರುಳಿನ ಗೋಡೆ ದಾಟಿದ ಮೇಲೆ ಲಿವರಿಗೆ ಹೋಗಿ, ಜೀವಕೋಶಗಳ ಒಳಗೆ ಹಲವು ಹೋಳಾಗಿ ಒಡೆಯುತ್ತದೆ. ಮೊದಲ ಸುತ್ತಿನ ದೊಡ್ಡ ಮರಿಗಳು ಮತ್ತೆ ಅಂಗಾಂಶದ ಜೀವಕೋಶಗಳನ್ನೇ ಹೊಕ್ಕು ಇನ್ನೊಂದು ಸುತ್ತು ಹಾಕುತ್ತವೆ. ಆಮೇಲಿನ ಸಣ್ಣ ಮರಿಗಳು ರಕ್ತಕ್ಕಿಳಿದು ಗ್ಯಾಮಾಂಟ್ ಆಗುತ್ತವೆ. ರಕ್ತದಲ್ಲಿ ಏನೂ ಕಾಣದಿದ್ದರೂ ಸೋಂಕು ಹೋಗಿದೆ ಎನ್ನಲಾಗದ್ದು ಇದಕ್ಕೇ. ಇದನ್ನು ಬುಡಸಮೇತ ಕೀಳುವ ನಂಬಿಕಸ್ತ ಔಷಧಿ ಇಲ್ಲ, ಸಹಜ ಆತಿಥೇಯ ಹಾವಿಗೆ ಅದರಿಂದ ದೊಡ್ಡ ತೊಂದರೆಯೂ ಇಲ್ಲ. ಅಪಾಯ ಇರುವುದು ಅದಕ್ಕೆ ಒಗ್ಗದ ಬೇರೆ ಜಾತಿಯ ಹಾವು, ಹಲ್ಲಿಗಳಿಗೆ. ಅವುಗಳಲ್ಲಿ ಲಿವರ್ ಉರಿಯೂತ ಬರಬಹುದು.

ಸ್ಲೈಡ್ ಖಚಿತಪಡಿಸಿಕೊಳ್ಳುವುದಕ್ಕೆ: ಬಾಲದ ಕೆಳಗಿನ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. 100 ಗ್ರಾಂ ತೂಕಕ್ಕೆ ಅರ್ಧ ಎಂಎಲ್‌ಗಿಂತ ಹೆಚ್ಚು ಬೇಡ. ಸುಸ್ತಾದ ಹಾವಿನಲ್ಲಿ ಅದರ ಅರ್ಧ ಸಾಕು. ಸ್ಮಿಯರ್‌ಗೆ, ಅಂದರೆ ಗಾಜಿನ ಮೇಲೆ ಎಳೆಯುವ ರಕ್ತದ ಪದರಕ್ಕೆ, ಒಂದು ಹನಿಯೇ ಬೇಕಾದದ್ದು. ತಕ್ಷಣ ಎಳೆಯಿರಿ. ರಕ್ತ ಇಡಲೇಬೇಕೆಂದರೆ, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬ್ ಬಳಸಿ. ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕವಾದ ಇಡಿಟಿಎ ಆಮೆ ಹಾಗೂ ಕೆಲವು ಸರೀಸೃಪಗಳ ಕೆಂಪು ಕಣಗಳನ್ನು ಒಡೆಯುತ್ತದೆ. ತಡವಾದರೆ ಗ್ಯಾಮಾಂಟ್‌ಗಳು ಕಣ ಬಿಟ್ಟು ಹೊರಗೆ ಬಿದ್ದಿರುತ್ತವೆ, ಹೊಸಬರು ಅದನ್ನು ಟ್ರಿಪನೊಸೋಮ್ (ಕಣದ ಹೊರಗೆ ರಕ್ತದಲ್ಲಿ ಈಜುವ ಬೇರೊಂದು ಪರೋಪಜೀವಿ) ಅಂದುಕೊಳ್ಳುತ್ತಾರೆ. ಟ್ರಿಪನೊಸೋಮ್‌ಗೆ ಅಲೆಯಂಥ ಪೊರೆ ಇರುತ್ತದೆ, ಗ್ಯಾಮಾಂಟ್‌ಗೆ ಇಲ್ಲ.

ಮಲೇರಿಯಾಕ್ಕೆ ಮಾಡುವ ದಪ್ಪ ಸ್ಮಿಯರ್ ಇಲ್ಲಿ ದಂಡ. ಹಾವಿನ ಕೆಂಪು ಕಣಗಳಿಗೆ ನ್ಯೂಕ್ಲಿಯಸ್ ಇರುವುದರಿಂದ, ನೀರು ಹಾಕಿ ಒಡೆದರೂ ಸಾವಿರಾರು ನ್ಯೂಕ್ಲಿಯಸ್ ಉಳಿದು ಎಲ್ಲ ಮುಚ್ಚಿಹೋಗುತ್ತದೆ. ತೆಳು ಸ್ಮಿಯರ್ ಗಾಳಿಗೆ ಬೇಗ ಒಣಗಿಸಿ, ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ ಇಟ್ಟು, ಶೇ 10ರ ಜೀಮ್ಸಾ ಬಣ್ಣದ ದ್ರಾವಣದಲ್ಲಿ 30ರಿಂದ 40 ನಿಮಿಷ ಬಿಡಿ. ಜೀಮ್ಸಾ ಬೆರೆಸಲು ಬೋರ್‌ವೆಲ್ ನೀರು ಮಾತ್ರ ಬೇಡ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಗಡಸು, ಕ್ಷಾರದ ನೀರಿನಲ್ಲಿ ಸ್ಲೈಡ್ ಪೂರ್ತಿ ನೀಲಿಗೆ ತಿರುಗಿ ಪರೋಪಜೀವಿಯ ನ್ಯೂಕ್ಲಿಯಸ್ಸೇ ಕಾಣದಂತಾಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಮಾಡಿದ ಪಿಹೆಚ್ 7.2 ಬಫರ್ ಬಳಸಿ.

ಆಯಿಲ್ ಇಮ್ಮರ್ಶನ್‌ನಲ್ಲಿ (ಎಣ್ಣೆ ಹನಿ ಹಾಕಿ ನೋಡುವ ಹೆಚ್ಚು ಶಕ್ತಿಯ ಮಸೂರ) 10,000 ಕೆಂಪು ಕಣ ನೋಡಿ ಎಷ್ಟರಲ್ಲಿ ಇದೆ ಎಂದು ಎಣಿಸಿ. ಕಣದ ಮೇಲೆ ಕೂತ ಬಣ್ಣದ ಗಸಿ ಫೋಕಸ್ ತಿರುಗಿಸಿದಾಗ ಕಣಕ್ಕಿಂತ ಮೇಲೆ ಸ್ಪಷ್ಟವಾಗುತ್ತದೆ. ಒಳಗಿನ ಗ್ಯಾಮಾಂಟ್ ಕಣದ ಜೊತೆಗೇ ಸ್ಪಷ್ಟವಾಗುತ್ತದೆ. ಜಾತಿ ತಿಳಿಯಲು ಆಕಾರ ಸಾಲದು, 18ಎಸ್ ಎಂಬ ಜೀನಿನ ಪಿಸಿಆರ್ (ಡಿಎನ್ಎ ಪರೀಕ್ಷೆ) ಬೇಕು. ಹಿಂದೆ ಪರೋಪಜೀವಿ ಎಂದು ಹೆಸರಿಟ್ಟಿದ್ದ ಪಿರ್‌ಹೀಮೊಸೈಟಾನ್ ಕೊನೆಗೆ ವೈರಸ್ ಎಂದು ಗೊತ್ತಾಯಿತು, ಅಷ್ಟು ಮೋಸ ಮಾಡುತ್ತದೆ ಆಕಾರ.

ಈಗ ನೀವು ಮಾಡಬೇಕಾದದ್ದು: ಹಾವು ಇಟ್ಟ ಪೆಟ್ಟಿಗೆಗೆ ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಹಾಕಿ, ಪಕ್ಕದ ಪೆಟ್ಟಿಗೆಯ ಹಾವುಗಳಿಗೆ ಕೆರೆಯಂಚಿನಿಂದ ಹಿಡಿದ ಕಪ್ಪೆ, ಓತಿಕ್ಯಾತ ಕೊಡಬೇಡಿ. ರಕ್ತ ತೆಗೆಯುವ ಕೆಲಸಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು. ಪಶುವೈದ್ಯರ ಕೈಯಲ್ಲೇ ಮಾಡಿಸಿ. ಹಾವಿಗೆ ಬೇರೆ ಗಾಯ ಇಲ್ಲದಿದ್ದರೆ ಇಲಾಖೆಗೆ ತಿಳಿಸಿ, ಹಿಡಿದ ಊರಿನ ಸುತ್ತಲೇ ಬಿಡಿಸಿ. ದೂರದ ಕಾಡಿಗೆ ಒಯ್ದರೆ ಪರೋಪಜೀವಿಯೂ ಜೊತೆಗೇ ಹೋಗುತ್ತದೆ.