ಫೋಟೋದಲ್ಲಿರೋ ಹುಡುಗಿ ಗುಂಡು ಹಾರಿಸ್ತಿಲ್ಲ, ನೀವು ಹೇಳಿದ್ದು ಸರಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ತಿಳೀಲಿ ಅಂತ ಸಾರಾಂಶ ಹೇಳ್ಬಿಡ್ತೀನಿ. ಕಳೆದ ಸಂಚಿಕೆಯಲ್ಲಿ ಯುದ್ಧ ಮತ್ತು ಹೆಂಗಸರ ಬಗ್ಗೆ ನಾವು ಮಾಡಿದ ವಿಶೇಷ ಪುಟಗಳನ್ನ ಓದಿ ನಿಮಗೆ ಸಿಟ್ಟು ಬಂದಿದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನಿಮ್ಮ ಪ್ರಕಾರ ಯುದ್ಧ ಯಾವತ್ತೂ ಗಂಡಸರ ಕೆಲಸ, ಅಲ್ಲೊಬ್ಬಳು ಇಲ್ಲೊಬ್ಬಳು ರಾಣಿ ಬಿಟ್ರೆ ಹೆಂಗಸರು ಮನೇಲಿ ಸುರಕ್ಷಿತವಾಗಿದ್ರು, ಈಗ ಇಪ್ಪತ್ತು ಮೂವತ್ತು ವರ್ಷದಿಂದ ಶುರುವಾಗಿರೋ ಫ್ಯಾಷನ್ನನ್ನ ನಾವು ಇತಿಹಾಸ ಅಂತ ಮಾರ್ತಿದ್ದೀವಿ. ಜೊತೆಗೆ, ಎರಡನೇ ಮಹಾಯುದ್ಧದ ಬ್ರಿಟನ್ನಿನ ವಿಮಾನ ಹೊಡೆಯೋ ಫಿರಂಗಿ ದಳದ ಫೋಟೋ ಕೆಳಗೆ ನಾವು 'ಗುಂಡು ಹಾರಿಸುತ್ತಿರುವ ಯುವತಿ' ಅಂತ ಹಾಕಿದ್ದು ತಪ್ಪು ಅಂತಾನೂ ಬರೆದಿದ್ದೀರಿ.

ಆ ಕೊನೇ ಮಾತು ನೂರಕ್ಕೆ ನೂರು ಸರಿ. ನಾವು ಎಡವಿದ್ವಿ. ಆದ್ರೆ ಮೇಷ್ಟ್ರೇ, ನಿಮ್ಮ ಉಳಿದ ಮೂರೂವರೆ ಪುಟಕ್ಕೆ ನನ್ನ ಉತ್ತರಾನೂ ಅದೇ ಫೋಟೋದಲ್ಲಿದೆ.

1941ರಿಂದ ಆ ದಳಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಇದ್ರು. ರಾತ್ರಿ ಸೈರನ್ ಆದ ತಕ್ಷಣ ವಿಮಾನ ಎಷ್ಟು ಎತ್ತರದಲ್ಲಿದೆ ಅಂತ ಅಳೆಯೋಳು ಒಬ್ಬಳು ಹುಡುಗಿ, ಪ್ರೆಡಿಕ್ಟರ್ ಅನ್ನೋ ಲೆಕ್ಕದ ಮೆಷೀನಿನ ಗಾಲಿ ತಿರುಗಿಸಿ ಇನ್ನು ಕೆಲವು ಸೆಕೆಂಡಲ್ಲಿ ಅದು ಎಲ್ಲಿರತ್ತೆ ಅಂತ ಕಂಡುಹಿಡಿಯೋರೂ ಹುಡುಗೀರೇ, ಆ ಲೆಕ್ಕ ತಪ್ಪಿದ್ರೆ ಫಿರಂಗಿ ಆಕಾಶಕ್ಕೆ ಸುಮ್ನೆ ಹೊಗೆ ಬಿಡತ್ತೆ ಅಷ್ಟೇ. ಇಷ್ಟೆಲ್ಲ ಆದ್ಮೇಲೆ ಗುಂಡು ತುಂಬಿ ಹಾರಿಸೋಕೆ ಮಾತ್ರ ಗಂಡಸೇ ಬೇಕು. ಹೆಂಗಸರು ಹಾರಿಸೋ ಹಾಗಿಲ್ಲ ಅಂತ ನಿಯಮ, ಯಾಕಂದ್ರೆ ಹಾರಿಸಿದ್ರೆ ಅದು 'ಹೋರಾಟ' ಆಗ್ಬಿಡತ್ತೆ! ಸಂಬಳ ಗಂಡಸಿನದರಲ್ಲಿ ಮೂರರಲ್ಲಿ ಎರಡು ಭಾಗ. 1942ರ ಏಪ್ರಿಲ್‌ನಲ್ಲಿ ಪ್ರೆಡಿಕ್ಟರ್ ಮುಂದೆ ಡ್ಯೂಟೀಲಿದ್ದ ಹುಡುಗಿ ಒಬ್ಬಳು ಬಾಂಬಿನ ಚೂರು ಬಡಿದು ಸತ್ತಳು, ಆ ಚೂರಿಗೆ ನಿಯಮ ಗೊತ್ತಿರಲಿಲ್ಲ ಪಾಪ.

ಕ್ಲಾಸಲ್ಲಿ ಮಗು ಕೂತಿದೆ, ಪಾಠ ಕೇಳ್ತಿದೆ, ಲೆಕ್ಕಾನೂ ಮಾಡ್ತಿದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರಿಲ್ಲ. ಮೂವತ್ತು ವರ್ಷ ಹಾಜರಿ ತಗೊಂಡ ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥ ಆಗತ್ತೆ. ಹೆಂಗಸರ ಪಾತ್ರ ಬದಲಾಯ್ತು ಅಂತ ನಾವೆಲ್ಲ ಬರೀತೀವಿ, ನಾನೂ ಬರೆದೆ, ಆದ್ರೆ ಪತ್ರ ಓದಿದ್ಮೇಲೆ ಅನ್ನಿಸಿದ್ದು, ಪಾತ್ರಕ್ಕಿಂತ ಜಾಸ್ತಿ ಬದಲಾಗಿರೋದು ಆ ಪುಸ್ತಕ ಬರೆಯೋರ ಕೈ ಅಂತ.

ಹಳೇ ಕಾಲಕ್ಕೆ ಹೋಗೋಣ. ನೆಪೋಲಿಯನ್ ವಿರುದ್ಧ ಸ್ಪೇನ್ ಪೋರ್ಚುಗಲ್ ಕಡೆ ಹೊರಟ ಬ್ರಿಟಿಷ್ ಸೇನೆಯಲ್ಲಿ ನೂರು ಜನರ ಕಂಪನಿಗೆ ಸುಮಾರು ಆರು ಹೆಂಡತಿಯರಿಗೆ ಮಾತ್ರ ಜೊತೆಗೆ ಹೋಗೋ ಪರ್ಮಿಶನ್. ಹಡಗು ಹತ್ತೋ ಮುಂಚೆ ಟೋಪಿಯೊಳಗೆ ಚೀಟಿ ಹಾಕೋರು, 'ಹೋಗಬಹುದು', 'ಹೋಗುವಂತಿಲ್ಲ'. ಚೀಟಿ ಬಂದೋಳು ಅರ್ಧ ರೇಷನ್ ಮೇಲೆ ಬಟ್ಟೆ ಒಗೆದು, ಅಡುಗೆ ಮಾಡಿ, ಗಾಯಕ್ಕೆ ಪಟ್ಟಿ ಕಟ್ಟಿ, ಸೇನೆ ಹಿಂದೆ ನಡ್ಕೊಂಡೇ ಹೋಗ್ಬೇಕು, ಗಂಡ ಸತ್ರೆ ಬೇಗ ಇನ್ನೊಬ್ಬ ಸಿಪಾಯಿನ ಮದುವೆ ಆಗದಿದ್ರೆ ಆ ಅರ್ಧ ರೇಷನ್ನೂ ಕಟ್. ಚೀಟಿ ಬರದೋಳು ಮಕ್ಕಳ ಸಮೇತ ದಡದಲ್ಲೇ. ಹೆಂಗಸರು ಮನೇಲಿದ್ರು ಅಂತೀರಲ್ಲ, ಇವರಿಗೆ ಮನೆ ಎಲ್ಲಿತ್ತು ಹೇಳಿ.

ವೇಷ ಹಾಕ್ಕೊಂಡು ಹೋದೋರೂ ಇದ್ರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಡೆಬೋರಾ ಸ್ಯಾಂಪ್ಸನ್ ಗಂಡಸಿನ ಹೆಸರಲ್ಲಿ ಸೇರಿ ಗಾಯಗೊಂಡು ಬಂದಳು, ಪೆನ್ಶನ್ ಕೈಗೆ ಬರೋ ಹೊತ್ತಿಗೆ 1805 ಆಗಿತ್ತು.

ಇನ್ನು ಸ್ವೀಡನ್ನಿನ ಬಿರ್ಕಾದ ಸಮಾಧಿ, ಇದು ನನಗೆ ತುಂಬಾ ಇಷ್ಟ. 1878ರಲ್ಲಿ ಅಗೆದಾಗ ಕತ್ತಿ, ಕೊಡಲಿ, ಬಾಣ, ಎರಡು ಕುದುರೆ ಸಿಕ್ಕಿದ್ವು, ಇನ್ನೇನು ಬೇಕು, ವೈಕಿಂಗ್ (ಹಳೇ ಕಾಲದ ಉತ್ತರ ಯುರೋಪಿನ ಕಡಲ ಯೋಧರು) ವೀರ ಅಂತ ಬರೆದ್ಬಿಟ್ರು. ನೂರಕ್ಕೂ ಹೆಚ್ಚು ವರ್ಷ ಅವನು ವೀರನಾಗೇ ಇದ್ದ. 2017ರಲ್ಲಿ ಡಿಎನ್‌ಎ ರಿಪೋರ್ಟ್ ಬಂತು, ಮೂಳೆ ಹೆಂಗಸಿನದು. ಆಮೇಲೆ ನೋಡಿ ಮಜಾ, ಅದುವರೆಗೂ ಯಾರಿಗೂ ಬಾರದ ಡೌಟ್ ಶುರುವಾಯ್ತು: ಸಮಾಧೀಲಿ ಆಯುಧ ಇದ್ದ ಮಾತ್ರಕ್ಕೆ ಯೋಧ ಅನ್ನಬಹುದಾ ಅಂತ. ಪ್ರಶ್ನೆ ನ್ಯಾಯವಾದದ್ದೇ. ಗಂಡಸಾಗಿದ್ದಷ್ಟು ದಿನ ಯಾಕೆ ಕೇಳ್ಲಿಲ್ಲ ಅನ್ನೋದು ಇನ್ನೊಂದು ಪ್ರಶ್ನೆ.

ಮೊದಲ ಮಹಾಯುದ್ಧದ ಬ್ರಿಟನ್ನಿನ ಮದ್ದುಗುಂಡಿನ ಫ್ಯಾಕ್ಟರಿಗಳನ್ನ ನೀವೂ ಪಾಠ ಮಾಡಿರ್ತೀರಿ. ಟಿಎನ್‌ಟಿ ಅನ್ನೋ ಸಿಡಿಮದ್ದಿನ ಪುಡಿ ಮುಟ್ಟಿ ಮುಟ್ಟಿ ಆ ಹುಡುಗೀರ ಚರ್ಮ ಹಳದಿ ಆಗಿ ಜನ 'ಕ್ಯಾನರಿ' ಹಕ್ಕಿಗಳು ಅಂತ ಕರೆಯೋರು. 1916ರ ಡಿಸೆಂಬರ್‌ನಲ್ಲಿ ಲೀಡ್ಸ್ ಹತ್ರದ ಬಾರ್ನ್‌ಬೋದಲ್ಲಿ ಶೆಲ್ ಸಿಡಿದು 35 ಹೆಂಗಸರು ಸತ್ರು, ಸೆನ್ಸಾರ್ ಇದ್ದಿದ್ರಿಂದ ಎಲ್ಲಿ ಏನಾಯ್ತು ಅಂತ ಪೇಪರ್‌ನಲ್ಲಿ ಸರಿಯಾಗಿ ಬರಲೇ ಇಲ್ಲ. ಯುದ್ಧದ ಋಣ ತೀರಿಸೋಕೆ ಹೆಂಗಸರಿಗೆ ವೋಟು ಕೊಟ್ರು ಅಂತ ಪುಸ್ತಕಗಳಲ್ಲಿ ಇರತ್ತೆ, ಆದ್ರೆ 1918ರ ವೋಟು 30 ದಾಟಿದೋರಿಗೆ, ಅದೂ ಆಸ್ತಿಯ ಷರತ್ತಿನ ಮೇಲೆ. ಫ್ಯಾಕ್ಟರೀಲಿ ಹಳದಿಯಾದೋರಲ್ಲಿ ಬಹಳಷ್ಟು ಜನ ಇಪ್ಪತ್ತರ ಆಸುಪಾಸಿನೋರು, ಅವರಿಗೆ ವೋಟು ಬರೋಕೆ 1928 ಆಗ್ಬೇಕಾಯ್ತು.

ಎರಡನೇ ಯುದ್ಧದಲ್ಲಿ ಹೆಸರು ತಪ್ಪಿಸೋ ಕಲೆ ಇನ್ನೂ ಪಳಗಿತ್ತು. ಜರ್ಮನ್ನರ ಕೈಲಿದ್ದ ಫ್ರಾನ್ಸಿಗೆ ಬ್ರಿಟಿಷರು ಹೆಂಗಸರನ್ನ ಗೂಢಚಾರರಾಗಿ ಕಳಿಸಿದ್ರು, ಸಮಾನತೆಗೋಸ್ಕರ ಅಂದ್ಕೋಬೇಡಿ, ದುಡಿಯೋ ವಯಸ್ಸಿನ ಗಂಡಸು ಬೀದೀಲಿ ಕಂಡ್ರೆ ಹಿಡಿದು ಬಲವಂತದ ಕೂಲಿಗೆ ಕಳಿಸೋ ಕಾಲ ಅದು, ಸೈಕಲ್ ಮೇಲೆ ಬುಟ್ಟಿ ಇಟ್ಕೊಂಡು ಹೋಗೋ ಹೆಂಗಸಿನ ಮೇಲೆ ಅಷ್ಟು ಕಣ್ಣಿರ್ತಿರ್ಲಿಲ್ಲ. ಹೆಣ್ಮಕ್ಕಳು ಆಯುಧ ಹಿಡಿಯೋ ಹಾಗಿಲ್ಲ ಅನ್ನೋ ನಿಯಮ ಅಡ್ಡ ಬಂತು, ಅದಕ್ಕೆ ಪ್ರಥಮ ಚಿಕಿತ್ಸೆಯ ಸ್ವಯಂಸೇವಕಿಯರ ಒಂದು ದಳದ ಹೆಸರಲ್ಲಿ ಸೇರಿಸ್ಕೊಂಡ್ರು. ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್ 1943ರ ಜೂನ್‌ನಲ್ಲಿ ವೈರ್‌ಲೆಸ್ ಆಪರೇಟರ್ ಆಗಿ ಹೋದಾಗ್ಲೂ ಇದೇ ಏರ್ಪಾಡು. ಕೆಲವೇ ದಿನದಲ್ಲಿ ಅವರ ಜಾಲದ ಬಹಳಷ್ಟು ಜನ ಸಿಕ್ಕಿಬಿದ್ರು, ಸೆಟ್ಟನ್ನ ಮನೆಯಿಂದ ಮನೆಗೆ ಹೊತ್ಕೊಂಡು ಅಕ್ಟೋಬರ್‌ವರೆಗೂ ಸಂದೇಶ ಕಳಿಸಿದ್ರು, ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಜರ್ಮನ್ನರ ದಾಖಾವ್ ಸೆರೆ ಕ್ಯಾಂಪಲ್ಲಿ ಕೊಂದ್ರು.

ಅಮೆರಿಕದಲ್ಲಿ ಸೇನೆಯ ವಿಮಾನ ಹಾರಿಸ್ತಿದ್ದ ವಾಸ್ಪ್ ದಳದ ಹೆಂಗಸರಲ್ಲಿ 38 ಜನ ಸತ್ರು. ಕಾಗದದಲ್ಲಿ ಅವರು ಸಿವಿಲಿಯನ್ ನೌಕರರು, ಹಾಗಾಗಿ ಹೆಣ ಊರಿಗೆ ಕಳಿಸೋಕೆ ಜೊತೆಯೋರೇ ಚಂದಾ ಎತ್ತಿದ್ದೂ ಉಂಟು. ಮಾಜಿ ಸೈನಿಕರು ಅಂತ ಒಪ್ಪಿದ್ದು 1977ರಲ್ಲಿ.

ಸೋವಿಯತ್ ಕಥೆ ಬೇರೆ ಅಂತೀರೇನೋ. ಹೌದು, ಅಲ್ಲಿ ಸುಮಾರು 8 ಲಕ್ಷ ಹೆಂಗಸರು ಸೇನೆಯಲ್ಲಿದ್ರು, ಬಾಂಬರ್ ಹಾರಿಸಿದ್ರು, ಸ್ನೈಪರ್‌ಗಳಾಗಿದ್ರು. 309 ಜನರನ್ನ ಹೊಡೆದ ಲೆಕ್ಕವಿದ್ದ ಲ್ಯುದ್ಮಿಲಾ ಪಾವ್ಲಿಚೆಂಕೊ 1942ರಲ್ಲಿ ಅಮೆರಿಕಕ್ಕೆ ಹೋದಾಗ ಪತ್ರಕರ್ತರು ಕೇಳಿದ್ದು ರಣರಂಗದಲ್ಲಿ ಮೇಕಪ್ ಹಾಕ್ಕೋತೀರಾ ಅಂತ! ನನ್ನ ಕಸುಬಿನೋರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲ್ಲ.

'ಸುರಕ್ಷಿತವಾಗಿದ್ರು' ಅಂದಿದ್ದೀರಲ್ಲ, ಆ ಪದ ಓದಿ ಮಾತ್ರ ಬೇಜಾರಾಯ್ತು. ಜಪಾನ್ ಸೇನೆಯ ವೇಶ್ಯಾಗೃಹಗಳಿಗೆ ಬಲವಂತವಾಗಿ ತಳ್ಳಿಸ್ಕೊಂಡ ಕೊರಿಯಾದ ಕಿಮ್ ಹಾಕ್ ಸುನ್ ಎಲ್ಲರ ಮುಂದೆ ಬಾಯಿ ಬಿಟ್ಟಿದ್ದು 1991ರಲ್ಲಿ, ಯುದ್ಧ ಮುಗಿದು 46 ವರ್ಷ ಆದ್ಮೇಲೆ. ಅತ್ಯಾಚಾರವೂ ನರಮೇಧದ ಕೃತ್ಯ ಆಗಬಹುದು ಅಂತ ಅಂತರರಾಷ್ಟ್ರೀಯ ಕೋರ್ಟೊಂದು ಮೊದಲ ಸಲ ತೀರ್ಪು ಕೊಟ್ಟಿದ್ದು 1998ರಲ್ಲಿ, ರುವಾಂಡಾ ಕೇಸಲ್ಲಿ. ಇದೂ ಹಾಜರಿ ಪುಸ್ತಕದ ಕಥೆಯೇ.

ಹೆಂಗಸರಿಗೆ ಮೈಕಸುವು ಸಾಲದು ಅಂತ ಒಂದು ಪುಟ ಬರೆದಿದ್ದೀರಿ, ನಾನು ಒಂದೇ ಸಾಲು ಬರೀತೀನಿ: ಟೆಸ್ಟ್ ಇಡಿ, ಪಾಸಾದೋರನ್ನ ತಗೊಳ್ಳಿ, ಫೇಲಾದೋರು ಗಂಡಸಾದ್ರೂ ವಾಪಸ್ ಕಳಿಸಿ.

ಇರಾಕ್, ಅಫ್ಘಾನಿಸ್ತಾನದಲ್ಲಿ ಅಮೆರಿಕದ ಹೆಂಗಸರು ಹೋರಾಟದ ತುಕಡಿಗಳ ಜೊತೆಗೇ ಗಸ್ತು ಹೋಗ್ತಿದ್ರೂ ಕಾಗದದಲ್ಲಿ ಅವರನ್ನ ಅಲ್ಲಿಗೆ 'ನೇಮಿಸಿರಲಿಲ್ಲ', 'ಲಗತ್ತಿಸಿದ್ರು' ಅಷ್ಟೇ. ಬಿಲ್ಲಿಗೆ ರಸೀದಿ ಲಗತ್ತಿಸ್ತೀವಲ್ಲ ಹಾಗೆ. 2013ರಲ್ಲಿ ಹೋರಾಟದ ಹುದ್ದೆಗಳಿಗೆ ಹೆಂಗಸರನ್ನ ಸೇರಿಸಬಾರದು ಅನ್ನೋ ನಿಷೇಧ ತೆಗೀತೀವಿ ಅಂತ ಘೋಷಿಸಿ, 2015ರ ಕೊನೇಲಿ ಎಲ್ಲಾ ಹುದ್ದೆ ತೆರೆದ್ರು. ನೀವು ಹೇಳೋ ಫ್ಯಾಷನ್ ಶುರುವಾಗಿದ್ದು ಇಲ್ಲಿಂದ ಅಂತ ಇಟ್ಕೊಂಡ್ರೂ, ಗುಂಡು ಅವರಿಗೆ ತಗಲೋದು ಅದಕ್ಕೂ ಮುಂಚೇನೇ ನಡೀತಿತ್ತು.

ಇಷ್ಟೆಲ್ಲ ಹೇಳಿದ್ರೂ ಆ ಸಂಚಿಕೆಯ ಮುಖಪುಟಕ್ಕೆ ನಾವು ಹಾಕಿದ್ದು ಕುದುರೆ ಮೇಲೆ ಕೂತ ರಾಣಿಯ ಚಿತ್ರಾನೇ. ಆಯ್ಕೆ ನನ್ನದೇ, ಬೈಯೋದಿದ್ರೆ ಅದಕ್ಕೆ ಬೈಯಿರಿ. ಮುಂದಿನ ಸಂಚಿಕೆಯ ತಿದ್ದುಪಡಿ ಸಾಲು ಹೀಗೆ ಬರತ್ತೆ, ಪ್ರೆಸ್ಸಿಗೆ ಹೋಗೋ ಮುಂಚೆ ಒಮ್ಮೆ ನೋಡಿಬಿಡಿ: 'ಚಿತ್ರದಲ್ಲಿರುವ ಯುವತಿ ಗುಂಡು ಹಾರಿಸುತ್ತಿಲ್ಲ, ಎಲ್ಲಿಗೆ ಹಾರಿಸಬೇಕೆಂದು ಹೇಳುತ್ತಿದ್ದಾಳೆ.'

ಇಂತಿ ನಿಮ್ಮ,
ಸಂಪಾದಕ